ಅಲ್ಲಾಡದ, ಸೀಳು ಬಿಡದ ಕಿಚನ್ ಐಲ್ಯಾಂಡ್: ಮನೇಲೇ ಮಾಡ್ಕೊಳ್ಳೋದು ಹೇಗೆ, ಶುರುವಿಂದ ಕೊನೇವರೆಗೂ

ಕಿಚನ್ ಐಲ್ಯಾಂಡ್ ಅಂದ್ರೆ ಏನೋ ದೊಡ್ಡ ವಿಷ್ಯ ಅಂತ ಹೆದರ್ಕೋಬೇಡಿ. ನಾಲ್ಕು ಕಾಲು, ಆ ಕಾಲುಗಳನ್ನ ಹಿಡ್ಕೊಂಡಿರೋ ಪಟ್ಟಿಗಳು, ಮೇಲೊಂದು ದಪ್ಪ ಹಲಗೆ, ಕೆಳಗೆ ಪಾತ್ರೆ ಇಡೋಕೆ ಒಂದು ಶೆಲ್ಫ್, ಅಷ್ಟೇ, ಅಡುಗೆಮನೆ ನಡುವೆ ನಿಲ್ಲೋ, ಸ್ವಲ್ಪ ಎತ್ತರದ ಗಟ್ಟಿ ಮೇಜು ಅಂದ್ಕೊಳಿ. ನಾನು ಇಲ್ಲಿವರೆಗೆ ಮಾಡಿರೋದು ಎರಡು. ಮೊದಲನೇದು ಆರು ತಿಂಗಳಿಗೆ ಸೀಳು ಬಿಡ್ತು, ಎರಡನೇದು ಇವತ್ತಿಗೂ ನಿಂತಿದೆ. ಎರಡಕ್ಕೂ ಅದೇ ಮರ, ಅದೇ ಟೂಲ್ಸ್, ಅದೇ ನನ್ನ ಅರೆಬರೆ ಕೈ. ವ್ಯತ್ಯಾಸ ಆಗಿದ್ದು ಎರಡೇ ಕಡೆ: ಫ್ರೇಮ್ ಮಟ್ಟಸವಾಗಿ ಕೂತಿದ್ಯಾ ಅಂತ ಗಮ್ ಒಣಗೋಕೆ ಮುಂಚೆ ನೋಡಿದ್ದು, ಮೇಲಿನ ಹಲಗೆಗೆ ಹಿಗ್ಗೋಕೆ ಕುಗ್ಗೋಕೆ ಜಾಗ ಬಿಟ್ಟಿದ್ದು. ಅದಕ್ಕೆ ಈ ಎರಡರ ಬಗ್ಗೆ ಉದ್ದ ಬರೀತೀನಿ, ಮಿಕ್ಕಿದ್ದು ಬೇಗ ಬೇಗ ಹೇಳ್ಕೊಂಡು ಹೋಗ್ತೀನಿ.

ಮರ ತರೋಕೆ ಮುಂಚೆ ನೆಲಕ್ಕೆ ಟೇಪ್ ಅಂಟಿಸಿ

ಮಾಸ್ಕಿಂಗ್ ಟೇಪ್ ತಗೊಂಡು ಅಡುಗೆಮನೆ ನೆಲದ ಮೇಲೆ 4 ಅಡಿ ಉದ್ದ 2 ಅಡಿ ಅಗಲದ ಆಯತ ಹಾಕಿ. ಸಾಧ್ಯ ಆದ್ರೆ ಖಾಲಿ ರಟ್ಟಿನ ಡಬ್ಬ ಪೇರಿಸಿ ಅದೇ ಎತ್ತರ ಬರೋ ಹಾಗೆ ಮಾಡಿ ಎರಡು ದಿನ ಹಾಗೇ ಬಿಡಿ. ಮನೆಯವರೆಲ್ಲ ಬೈತಾರೆ, ಬೈಸ್ಕೊಳಿ. ಆ ಎರಡು ದಿನದಲ್ಲಿ ಫ್ರಿಜ್ ಬಾಗಿಲು ಪೂರ್ತಿ ತೆಗೆಯೋಕಾಗುತ್ತಾ, ಓವನ್ ಬಾಗಿಲು ಕೆಳಗೆ ಇಳಿಸಿದಾಗ ಅದರ ಮುಂದೆ ನಿಲ್ಲೋಕೆ ಜಾಗ ಇದ್ಯಾ, ಬಿಸಿ ಪಾತ್ರೆ ಹಿಡ್ಕೊಂಡು ತಿರುಗಿದಾಗ ಸೊಂಟಕ್ಕೆ ಮೂಲೆ ತಾಗುತ್ತಾ ಅನ್ನೋದೆಲ್ಲ ತಾನಾಗೇ ಗೊತ್ತಾಗುತ್ತೆ. ಸುತ್ತಲೂ ಓಡಾಡೋಕೆ ಕಡಿಮೆ ಅಂದ್ರೂ 36 ಇಂಚು ಬೇಕು, ಅಡುಗೆ ಮಾಡೋ ಕಡೆ 42 ಇಂಚು ಇದ್ರೆ ಆರಾಮ, ಇಬ್ಬರು ಒಟ್ಟಿಗೆ ಅಡುಗೆ ಮಾಡೋ ಮನೆ ಆದ್ರೆ 48. ಅಷ್ಟು ಜಾಗ ಸಿಗದಿದ್ರೆ ಐಲ್ಯಾಂಡ್ ಚಿಕ್ಕದು ಮಾಡಿ, ಓಡಾಡೋ ದಾರಿನ ಮಾತ್ರ ಕಡಿಮೆ ಮಾಡ್ಬೇಡಿ.

ಎತ್ತರ ಸಾಮಾನ್ಯವಾಗಿ 36 ಇಂಚು ಇಡ್ತಾರೆ. ಆದ್ರೆ ಅದು ಎಲ್ಲರಿಗೂ ಸರಿಹೋಗುತ್ತೆ ಅಂತೇನಿಲ್ಲ. ಅಡುಗೆ ಮಾಡೋರನ್ನ ನೇರ ನಿಲ್ಲಿಸಿ, ಮೊಣಕೈ ಮಡಿಸೋಕೆ ಹೇಳಿ, ನೆಲದಿಂದ ಮೊಣಕೈವರೆಗೆ ಅಳೀರಿ, ಅದರಲ್ಲಿ 4ರಿಂದ 6 ಇಂಚು ಕಳೀರಿ, ಅದೇ ಅವರ ಎತ್ತರ. ಹಿಟ್ಟು ನಾದೋದು ಜಾಸ್ತಿ ಇದ್ರೆ ಇನ್ನೊಂದು ಸ್ವಲ್ಪ ತಗ್ಗಿದ್ರೇ ಒಳ್ಳೇದು, ಮೇಲಿಂದ ಒತ್ತೋಕೆ ಭಾರ ಸಿಗುತ್ತೆ. ಒಂದು ಕಡೆ ಸ್ಟೂಲ್ ಹಾಕ್ಕೊಂಡು ಕೂರ್ಬೇಕು ಅನ್ನೋ ಆಸೆ ಇದ್ರೆ ಆ ಕಡೆ ಹಲಗೆ 12ರಿಂದ 15 ಇಂಚು ಮುಂದಕ್ಕೆ ಚಾಚಿರ್ಬೇಕು, ಇಲ್ಲಾಂದ್ರೆ ಮೊಣಕಾಲು ಪಟ್ಟಿಗೆ ಬಡಿಯುತ್ತೆ, ಒಬ್ಬರಿಗೆ 24 ಇಂಚು ಅಗಲನೂ ಬೇಕು. ನಾನಿಲ್ಲಿ ಹೇಳ್ತಿರೋದು ಸ್ಟೂಲ್ ಇಲ್ಲದ, ನಿಂತು ಕೆಲಸ ಮಾಡೋ ಐಲ್ಯಾಂಡ್.

ಯಾವ ಮರ, ಎಷ್ಟು ಮರ

ಮೇಲಿನ ಹಲಗೆಗೆ ಗಟ್ಟಿ ಮರನೇ ಬೇಕು. ಮೇಪಲ್, ಬೀಚ್, ತೇಗ, ರಬ್ಬರ್‌ವುಡ್ ಯಾವುದಾದ್ರೂ ಆಗುತ್ತೆ. ಕಾಲಿಗೆ, ಪಟ್ಟಿಗೆ ಪೈನ್ ಹಾಕಿದ್ರೂ ನಡೆಯುತ್ತೆ, ಆದ್ರೆ ಪೈನ್‌ನ ಮೇಲ್ಭಾಗಕ್ಕೆ ಹಾಕ್ಬೇಡಿ, ಉಗುರು ಒತ್ತಿದ್ರೆ ಗುರುತು ಬೀಳೋವಷ್ಟು ಮೆತ್ತಗಿರುತ್ತೆ. ಹಲಗೆ ಆರಿಸೋವಾಗ ಒಂದು ಕಣ್ಣು ಮುಚ್ಚಿ ಅಂಚಿನ ಉದ್ದಕ್ಕೂ ನೋಡಿ, ಬಂದೂಕಿಗೆ ಗುರಿ ಇಟ್ಟು ನೋಡ್ತಾರಲ್ಲ ಹಾಗೆ, ಬಿಲ್ಲಿನ ಥರ ಬಾಗಿದ್ರೆ ಅಥವಾ ತಿರುಚ್ಕೊಂಡಿದ್ರೆ ಪಕ್ಕಕ್ಕಿಡಿ. ಬಾಗಿರೋದನ್ನ ಚಿಕ್ಕ ಚಿಕ್ಕ ತುಂಡಿಗೆ ಹೇಗೋ ಬಳಸ್ಬಹುದು, ತಿರುಚಿದ್ದು ಮಾತ್ರ ಯಾವತ್ತೂ ಕೈ ಕೊಡುತ್ತೆ. ಮಧ್ಯದ ತಿರುಳು ಬಂದಿರೋ ಹಲಗೆ ಬೇಡ, ಅದು ಸೀಳೇ ಸೀಳುತ್ತೆ. ಅಂಚಲ್ಲಿ ಬಿಳಿ ಭಾಗ ಜಾಸ್ತಿ ಇದ್ರೂ ಬೇಡ, ಹುಳಕ್ಕೆ ಅದೇ ಇಷ್ಟ.

ತಂದ ದಿನಾನೇ ಕೊಯ್ಯೋಕೆ ಕೂರ್ಬೇಡಿ. ಹಲಗೆಗಳ ಮಧ್ಯ ಸಣ್ಣ ಪಟ್ಟಿ ಇಟ್ಟು ಗಾಳಿ ಆಡೋ ಹಾಗೆ ಪೇರಿಸಿ ಒಂದೆರಡು ವಾರ ಮನೆ ಒಳಗೇ ಬಿಡಿ, ಮರ ನಿಮ್ಮ ಮನೆ ಹವಾಗೆ ಒಗ್ಗಿಕೊಳ್ಳಲಿ. ತೇವ ಅಳೆಯೋ ಮೀಟರ್ ಸಿಕ್ಕಿದ್ರೆ 8ರಿಂದ 12 ಪರ್ಸೆಂಟ್ ಒಳಗೆ ಇದ್ಯಾ ನೋಡಿ.

ಈಗ ತುಂಡುಗಳ ಲೆಕ್ಕ. ಇದೆಲ್ಲ ಕೀಸಿ ನುಣುಪು ಮಾಡಿದ ಮೇಲಿನ ಅಳತೆ, ಒರಟು ಮರ ತರೋದಾದ್ರೆ ದಪ್ಪ ಅಗಲ ಸ್ವಲ್ಪ ಜಾಸ್ತಿನೇ ತನ್ನಿ, ಕೊನೇ ಅಂಕೆ ಎಷ್ಟು ತುಂಡು ಬೇಕು ಅನ್ನೋದು:

ಕಾಲು: 3 x 3 ಇಂಚು ದಪ್ಪ, 34.5 ಇಂಚು ಉದ್ದ, 4
ಮೇಲಿನ ಉದ್ದ ಪಟ್ಟಿ: 1 x 4 ಇಂಚು, 38 ಇಂಚು ಉದ್ದ, 2
ಮೇಲಿನ ಅಡ್ಡ ಪಟ್ಟಿ: 1 x 4 ಇಂಚು, 15 ಇಂಚು ಉದ್ದ, 2
ಕೆಳಗಿನ ಉದ್ದ ಪಟ್ಟಿ: 1 x 3 ಇಂಚು, 38 ಇಂಚು ಉದ್ದ, 2
ಕೆಳಗಿನ ಅಡ್ಡ ಪಟ್ಟಿ: 1 x 3 ಇಂಚು, 15 ಇಂಚು ಉದ್ದ, 2
ಶೆಲ್ಫ್ ಪಟ್ಟಿ: ಮುಕ್ಕಾಲು ಇಂಚು ದಪ್ಪ, 4 ಇಂಚು ಅಗಲ, 20.5 ಇಂಚು ಉದ್ದ, 9
ಮೇಲ್ಭಾಗದ ಹಲಗೆ: ಒಂದೂವರೆ ಇಂಚು ದಪ್ಪ, 4 ಇಂಚು ಅಗಲ, 49 ಇಂಚು ಉದ್ದ, 6 (ಅಂಟಿಸಿದ ಮೇಲೆ 48ಕ್ಕೆ ಕಟ್ ಮಾಡೋದು)

ಫ್ರೇಮ್ ಹೊರಗಿನಿಂದ ಅಳೆದ್ರೆ 44 x 21 ಇಂಚು ಬರುತ್ತೆ, ಮೇಲಿನ ಹಲಗೆ 48 x 24, ಅಂದ್ರೆ ಎಡಬಲಕ್ಕೆ 2 ಇಂಚು, ಹಿಂದೆ ಮುಂದೆ ಒಂದೂವರೆ ಇಂಚು ಚಾಚಿರುತ್ತೆ. ಒಟ್ಟು ಮರ ಸುಮಾರು ಎರಡೂವರೆ ಘನ ಅಡಿ, ವೇಸ್ಟು ಸೇರಿಸಿ 3 ಘನ ಅಡಿ ಅಂತ ಇಟ್ಕೊಳಿ. ಮೇಲಿನ ಹಲಗೆ ಒಂದೇ ಸರಿಯಾಗಿ 1 ಘನ ಅಡಿ, ಗಟ್ಟಿ ಮರ ಆದ್ರೆ ಹತ್ತಿರ ಹತ್ತಿರ 18, 20 ಕೆಜಿ ತೂಗುತ್ತೆ, ಹಾಗಾಗಿ ಕೊನೇಗೆ ಎತ್ತೋಕೆ ಇನ್ನೊಬ್ಬರನ್ನ ಈಗ್ಲೇ ಒಪ್ಪಿಸಿಟ್ಕೊಳಿ. ಚಕ್ರ ಹಾಕೋ ಪ್ಲಾನ್ ಇದ್ರೆ ಚಕ್ರ ಮೊದಲು ಕೈಗೆ ಬರಲಿ, ಅದರ ಪ್ಲೇಟ್ ಸೇರಿಸಿ ಪೂರ್ತಿ ಎತ್ತರ ಅಳೆದು ಕಾಲಿನ ಉದ್ದದಲ್ಲಿ ಅಷ್ಟು ಕಳೆದು ಆಮೇಲೆ ಕಟ್ ಮಾಡಿ. 3 ಇಂಚಿನ ಚಕ್ರ ಅಂತ ಹೇಳಿದ್ರೆ ಅದು ಚಕ್ರದ ವ್ಯಾಸ, ಒಟ್ಟು ಎತ್ತರ ಅದಕ್ಕಿಂತ ಜಾಸ್ತಿ ಇರುತ್ತೆ.

ಟೂಲ್ಸ್

ಸರ್ಕ್ಯುಲರ್ ಸಾ (ದುಂಡು ಬ್ಲೇಡಿನ ಗರಗಸ) ಅಥವಾ ಒಳ್ಳೆ ಕೈಗರಗಸ, ಡ್ರಿಲ್ ಮಷಿನ್, ಪಾಕೆಟ್ ಹೋಲ್ ಜಿಗ್ (ಸ್ಕ್ರೂಗೆ ಓರೆಯಾಗಿ ತೂತು ಕೊರೆಯೋಕೆ ದಾರಿ ತೋರಿಸೋ ಅಚ್ಚು), ಮೂಲೆಮಟ್ಟ, ಟೇಪು, ಕಡಿಮೆ ಅಂದ್ರೆ 6 ಉದ್ದ ಕ್ಲಾಂಪು (ಮರನ ಒತ್ತಿ ಬಿಗಿಯಾಗಿ ಹಿಡಿಯೋ ಸಾಧನ), ಸ್ಯಾಂಡರ್ (ಮರ ಉಜ್ಜೋ ಮಷಿನ್). ಕಣ್ಣಿಗೆ ಗಾಗಲ್ಸ್, ಮೂಗಿಗೆ ಮಾಸ್ಕ್. ಗರಗಸ, ಡ್ರಿಲ್ ತಿರುಗ್ತಿರೋವಾಗ ಕೈಗವಸು ಹಾಕ್ಬೇಡಿ, ಬಟ್ಟೆ ಸಿಕ್ಕಿಹಾಕ್ಕೊಂಡ್ರೆ ಕೈನೂ ಅದರ ಜೊತೆ ಒಳಗೆ ಹೋಗುತ್ತೆ. ಇನ್ನೊಂದು ಸಣ್ಣ ವಿಷ್ಯ, ಶುರುವಿಂದ ಕೊನೇವರೆಗೂ ಒಂದೇ ಟೇಪಲ್ಲಿ ಅಳೀರಿ, ಎರಡು ಟೇಪಿನ ಕೊಕ್ಕೆ ಒಂದೇ ಥರ ಇರೋದು ಅಪರೂಪ, ಒಂದು ಮಿಲಿಮೀಟರ್ ಅಲ್ಲಿ ಇಲ್ಲಿ ತಪ್ಪಿದ್ರೆ ಕೊನೇಗೆ ಎಲ್ಲ ಸೇರಿ ಒಂದು ಸಂದು ಆಗಿ ನಿಮ್ಮನ್ನೇ ನೋಡಿ ನಗುತ್ತೆ.

ಮೊದಲು ಮೇಲಿನ ಹಲಗೆ ಅಂಟಿಸಿ

ಗಮ್ ಒಣಗೋಕೆ ಟೈಮ್ ಬೇಕಲ್ಲ, ಅದಕ್ಕೆ ಇದನ್ನ ಮೊದಲು ಮಾಡಿ ಆಮೇಲೆ ಫ್ರೇಮಿಗೆ ಹೋಗೋದು ಒಳ್ಳೇದು. 6 ಹಲಗೆನ ಪಕ್ಕ ಪಕ್ಕ ಜೋಡಿಸಿ, ಚೆನ್ನಾಗಿ ಕಾಣೋ ಮುಖ ಮೇಲಕ್ಕೆ ಬರೋ ಹಾಗೆ ಹಿಂದೆ ಮುಂದೆ ಮಾಡಿ ನೋಡಿ, ಮನಸ್ಸಿಗೆ ಒಪ್ಪಿದ ಮೇಲೆ ಎಲ್ಲದರ ಮೇಲೂ ಹಾಯೋ ಹಾಗೆ ಪೆನ್ಸಿಲ್ಲಲ್ಲಿ ದೊಡ್ಡದೊಂದು ತ್ರಿಕೋನ ಬರೀರಿ, ಆಮೇಲೆ ಎಷ್ಟು ಕಲೆಸಿಹೋದ್ರೂ ತ್ರಿಕೋನ ಕೂಡಿಸಿದ್ರೆ ಅದೇ ಕ್ರಮ ವಾಪಸ್ ಸಿಗುತ್ತೆ. ಅಂಚುಗಳು ನೇರ ಇರ್ಬೇಕು, ಮನೇಲಿ ಕೀಸುಳಿ ಇಲ್ಲಾಂದ್ರೆ ಮರ ತಂದ ಕಡೇನೇ ಮಷಿನಲ್ಲಿ ಮಾಡಿಸ್ಕೊಂಡ್ಬಿಡಿ, ಇದರಲ್ಲಿ ಮಾನ ಮರ್ಯಾದೆ ನೋಡ್ಬೇಡಿ. ಎರಡು ಹಲಗೆ ಅಂಚಿಗೆ ಅಂಚು ಸೇರಿಸಿ ಬೆಳಕಿಗೆ ಹಿಡೀರಿ. ಮಧ್ಯದಲ್ಲಿ ಕೂದಲೆಳೆಯಷ್ಟು ಬೆಳಕು ಕಂಡ್ರೆ ಪರವಾಗಿಲ್ಲ, ಕ್ಲಾಂಪ್ ಎಳ್ಕೊಳ್ಳುತ್ತೆ. ತುದಿಗಳಲ್ಲಿ ಕಂಡ್ರೆ ಮತ್ತೆ ಕೀಸಿ, ಯಾಕಂದ್ರೆ ಮರ ಒಣಗೋಕೆ ಶುರು ಆಗೋದು ತುದಿಯಿಂದ, ಆ ಸಂದು ಅಲ್ಲಿಂದಾನೇ ಬಿಚ್ಕೊಳ್ಳುತ್ತೆ.

ನೀರು ತಡ್ಕೊಳ್ಳೋ ಮರದ ಗಮ್ ತಗೊಳಿ. ಅಂಚಿಗೆ ತೆಳ್ಳಗೆ ಪೂರ್ತಿ ಸವರಿ, 8ರಿಂದ 10 ಇಂಚಿಗೊಂದು ಕ್ಲಾಂಪ್ ಹಾಕಿ, ಒಂದು ಮೇಲೆ ಬಂದ್ರೆ ಪಕ್ಕದ್ದು ಕೆಳಗೆ ಬರ್ಲಿ, ಎಲ್ಲಾನೂ ಒಂದೇ ಕಡೆ ಹಾಕಿದ್ರೆ ಹಲಗೆ ದೋಣಿ ಥರ ಬಾಗುತ್ತೆ. ಸಂದಿನ ಉದ್ದಕ್ಕೂ ಸಾಸಿವೆ ಕಾಳಿನಷ್ಟು ಗಮ್ ಹನಿ ಹನಿಯಾಗಿ ಹೊರಗೆ ಬಂದ್ರೆ ಬಿಗಿ ಸಾಕು ಅಂತ ಅರ್ಥ, ಸಿಟ್ಟು ತೀರಿಸ್ಕೊಳ್ಳೋ ಹಾಗೆ ಬಿಗೀಬೇಡಿ, ಇರೋ ಗಮ್ಮೆಲ್ಲ ಆಚೆ ಬಂದ್ಬಿಡುತ್ತೆ. ಹೊರಬಂದ ಗಮ್ಮನ್ನ ಒದ್ದೆ ಬಟ್ಟೇಲಿ ಒರೆಸೋಕೆ ಹೋಗ್ಬೇಡಿ, ಅದು ಮರದ ರಂಧ್ರಕ್ಕೆ ಇಳಿದು ಆಮೇಲೆ ಎಣ್ಣೆ ಹಚ್ಚಿದಾಗ ಬಿಳಿ ಮಚ್ಚೆ ಆಗಿ ಎದ್ದು ಕಾಣುತ್ತೆ. ಅರ್ಧ ಗಂಟೆ ಬಿಟ್ಟು ರಬ್ಬರ್ ಥರ ಆದಾಗ ಹಳೇ ಉಳಿಯಲ್ಲಿ ಕೆರೆದು ತೆಗೀರಿ, ಸಿಪ್ಪೆ ಥರ ಬರುತ್ತೆ. ಒಂದು ರಾತ್ರಿ ಕ್ಲಾಂಪಲ್ಲೇ ಇರ್ಲಿ, ಭಾರದ ಕೆಲಸ 24 ಗಂಟೆ ಆದ್ಮೇಲೆ.

ಇಷ್ಟೆಲ್ಲ ಬೇಡಪ್ಪ ಅನ್ಸಿದ್ರೆ ರೆಡಿಮೇಡ್ ಅಂಟಿಸಿದ ಹಲಗೆ ಸಿಗುತ್ತೆ, ಅದನ್ನೇ ತನ್ನಿ. ಇಲ್ಲಾಂದ್ರೆ 18 ಮಿಮೀ ವಾಟರ್‌ಪ್ರೂಫ್ ಪ್ಲೈವುಡ್ ಎರಡು ಪದರ ಅಂಟಿಸಿ ಅಂಚಿಗೆ ಮರದ ಪಟ್ಟಿ ಹೊಡೆದ್ರೂ ಆಗುತ್ತೆ, ಪ್ಲೈವುಡ್ ಹಿಗ್ಗೋದು ಕುಗ್ಗೋದು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ, ಆಗ ಕೆಳಗೆ ಬರೋ ಉದ್ದ ತೂತಿನ ಕಥೆ ನಿಮಗೆ ಬೇಕಾಗಿಲ್ಲ.

ಫ್ರೇಮ್

ನಾಲ್ಕು ಕಾಲನ್ನೂ ಒಂದೇ ಉದ್ದಕ್ಕೆ ಕಟ್ ಮಾಡೋಕೆ ಒಂದೊಂದನ್ನೇ ಅಳೀಬೇಡಿ. ಒಂದು ತುಂಡು ಮರನ ಸ್ಟಾಪರ್ ಥರ ಕ್ಲಾಂಪ್ ಮಾಡಿ ಕಾಲಿನ ತುದಿನ ಅದಕ್ಕೆ ತಾಗಿಸಿ ಕೊಯ್ದ್ರೆ ನಾಲ್ಕೂ ತಾನಾಗೇ ಸಮ ಬರುತ್ತೆ, ಪಟ್ಟಿಗಳಿಗೂ ಇದೇ. ಆಮೇಲೆ ನಾಲ್ಕು ಕಾಲು ಪಕ್ಕ ಪಕ್ಕ ಮಲಗಿಸಿ, ಕೆಳಗಿನ ಪಟ್ಟಿ ಬರೋ ಜಾಗ ಅಂದ್ರೆ ನೆಲದಿಂದ 6 ಇಂಚಿಗೆ, ನಾಲ್ಕರ ಮೇಲೂ ಒಂದೇ ಸಲ ಗೆರೆ ಎಳೀರಿ. 6 ಇಂಚು ಬಿಟ್ರೆ ಪೊರಕೆ ಆಡುತ್ತೆ, ನಿಂತಾಗ ಕಾಲ್ಬೆರಳು ಒಳಗೆ ಹೋಗುತ್ತೆ, ಶೆಲ್ಫಿಗೂ ಮೇಲಿನ ಪಟ್ಟಿಗೂ ಮಧ್ಯ 20 ಇಂಚಿಗಿಂತ ಸ್ವಲ್ಪ ಜಾಸ್ತಿನೇ ಎತ್ತರ ಸಿಗುತ್ತೆ.

ಪಟ್ಟಿಗಳ ಒಳಮುಖದಲ್ಲಿ ಎರಡೂ ತುದಿಗೆ ಎರಡೆರಡು ಪಾಕೆಟ್ ಹೋಲ್ ಕೊರೀರಿ. 1 ಇಂಚು ದಪ್ಪದ ಪಟ್ಟಿಗೆ ಒಂದೂವರೆ ಇಂಚಿನ ಪಾಕೆಟ್ ಸ್ಕ್ರೂ, ಮುಕ್ಕಾಲು ಇಂಚಿನ ಪಟ್ಟಿ ಆದ್ರೆ ಒಂದೂಕಾಲು ಇಂಚಿಂದು. ಮೆತ್ತನೆ ಮರಕ್ಕೆ ಅಗಲ ಹಲ್ಲಿನ ಸ್ಕ್ರೂ, ಗಟ್ಟಿ ಮರಕ್ಕೆ ಸಣ್ಣ ಹಲ್ಲಿನದ್ದು, ಜೊತೆಗೆ ಕಾಲಿನ ಕಡೆ ಮೊದಲು ಸಣ್ಣ ತೂತು ಕೊರೀರಿ, ಸ್ಕ್ರೂಗೆ ಸ್ವಲ್ಪ ಸೋಪು ಇಲ್ಲ ಮೇಣ ಸವರಿದ್ರೆ ಕೀರಲು ಶಬ್ದ ಮಾಡದೆ ಇಳಿಯುತ್ತೆ. ಉಳಿ ಹಿಡಿದು ಅಭ್ಯಾಸ ಇರೋರು ಪಟ್ಟಿ ತುದಿಗೆ ನಾಲಿಗೆ, ಕಾಲಿಗೆ ತೂತು ಮಾಡಿ ಕೂರಿಸೋದು ಇನ್ನೂ ಗಟ್ಟಿ, ನಾಲಿಗೆ ದಪ್ಪ ಪಟ್ಟಿ ದಪ್ಪದ ಮೂರನೇ ಒಂದು ಭಾಗ ಇಡಿ, ಆದ್ರೆ ನಾಲಿಗೆ ಉದ್ದ ಪಟ್ಟಿ ಅಳತೆಗೆ ಸೇರಿಸ್ಕೋಬೇಕು, ಮರೀಬೇಡಿ.

ಮೊದಲು ಎರಡು ಕಾಲು, ಒಂದು ಮೇಲಿನ ಅಡ್ಡ ಪಟ್ಟಿ, ಒಂದು ಕೆಳಗಿನ ಅಡ್ಡ ಪಟ್ಟಿ ಗಮ್ ಹಚ್ಚಿ ಸ್ಕ್ರೂ ಹಾಕಿ ಸೇರಿಸಿ ಒಂದು ಪಕ್ಕ ಮಾಡಿ, ಇನ್ನೊಂದು ಪಕ್ಕನೂ ಹಾಗೇ. ಪಟ್ಟಿಗಳು ಕಾಲಿನ ಹೊರಮುಖದಿಂದ ಕಾಲು ಇಂಚು ಒಳಗೆ ಕೂರ್ಲಿ, ಸಮಕ್ಕೆ ಕೂರಿಸೋಕೆ ಹೋದ್ರೆ ಅರ್ಧ ಮಿಮೀ ಹೆಚ್ಚುಕಡಿಮೆನೂ ಕೈಗೆ ತಾಗುತ್ತೆ, ಒಳಗಿಟ್ರೆ ಯಾರಿಗೂ ಗೊತ್ತಾಗಲ್ಲ. ಆಮೇಲೆ ಎರಡೂ ಪಕ್ಕಗಳನ್ನ ನಿಲ್ಲಿಸಿ ಉದ್ದ ಪಟ್ಟಿಗಳಿಂದ ಸೇರಿಸಿ. ಪೂರ್ತಿ ಬಿಗೀಬೇಡಿ ಇನ್ನೂ.

ಈಗ ಆ ಮೊದಲನೇ ಮುಖ್ಯ ಜಾಗ. ಟೇಪ್ ತಗೊಂಡು ಒಂದು ಮೂಲೆಯಿಂದ ಎದುರು ಮೂಲೆಗೆ ಅಳೀರಿ, ಆಮೇಲೆ ಇನ್ನೊಂದು ಜೋಡಿ ಮೂಲೆ. ಎರಡೂ ಒಂದೇ ಬಂದ್ರೆ ಫ್ರೇಮ್ ಮಟ್ಟಸ. ಒಂದು ಉದ್ದ ಬಂದ್ರೆ ಆ ಉದ್ದ ಇರೋ ಮೂಲೆಗಳಿಗೇ ಕ್ಲಾಂಪ್ ಹಾಕಿ ನಿಧಾನಕ್ಕೆ ಎಳೀರಿ, 1 ಮಿಮೀ ಒಳಗೆ ಬಂದಾಗ ಸ್ಕ್ರೂ ಪೂರ್ತಿ ಬಿಗೀರಿ. ಮೇಲೆ ಒಂದು ಸಲ, ಕೆಳಗಿನ ಪಟ್ಟಿ ಮಟ್ಟದಲ್ಲಿ ಒಂದು ಸಲ, ಎರಡು ಪಕ್ಕಗಳಲ್ಲೂ ಒಂದೊಂದು ಸಲ. ಮೊದಲನೇ ಸಲ ನಾನು ಇದನ್ನ ಮಾಡ್ದೆ ಮೂಲೆಮಟ್ಟ ಇಟ್ಟು ನೋಡಿ ಸರಿ ಇದೆ ಅಂದ್ಕೊಂಡು ಬಿಗಿದ್ಬಿಟ್ಟೆ. ನಿಲ್ಲಿಸಿದಾಗ ಕುಂಟ್ತಾ ಇತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ ಮೊದಲು ನೆಲಾನೇ ಬೈದೆ, ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟೆ, ಆಮೇಲೆ ಮೂಲೆಯಿಂದ ಮೂಲೆಗೆ ಅಳೆದು ನೋಡಿದ್ರೆ 9 ಮಿಮೀ ವ್ಯತ್ಯಾಸ. ಗಮ್ ಒಣಗಿ ಹೋಗಿತ್ತು, ಏನೂ ಮಾಡೋಕಾಗ್ಲಿಲ್ಲ. ಮೂಲೆಮಟ್ಟ ಚಿಕ್ಕದು, ಅದು ನೋಡೋದು ಆ ಒಂದು ಮೂಲೇನ ಮಾತ್ರ.

ಇಷ್ಟಾದ್ರೂ ಸ್ವಲ್ಪ ಕುಂಟಿದ್ರೆ ಖಂಡಿತ ಸಮ ಇದೆ ಅಂತ ಗೊತ್ತಿರೋ ಜಾಗದಲ್ಲಿಟ್ಟು, ಉದ್ದ ಇರೋ ಕಾಲನ್ನ ಸ್ಯಾಂಡ್ ಪೇಪರಲ್ಲಿ ಸವೆಸಿ. ಗರಗಸ ಎತ್ಕೊಂಡು ಒಂದು ಸಲ ಇದು, ಒಂದು ಸಲ ಅದು ಅಂತ ಕೊಯ್ಯೋಕೆ ಶುರು ಮಾಡಿದ್ರೆ ಕೊನೇಗೆ ಐಲ್ಯಾಂಡ್ ಹೋಗಿ ಕಾಫಿ ಟೇಬಲ್ ಆಗುತ್ತೆ. ಅದಕ್ಕಿಂತ ಕಾಲಿನ ಕೆಳಗೆ ತಿರುಗಿಸಿ ಎತ್ತರ ಸರಿ ಮಾಡೋ ಸ್ಕ್ರೂ ಪಾದ ಹಾಕೋದು ಸುಲಭ, ನೆಲ ಒರೆಸೋವಾಗ ಕಾಲಿನ ತುದಿಗೆ ನೀರೂ ತಾಗಲ್ಲ.

ಶೆಲ್ಫ್ ಪಟ್ಟಿಗಳನ್ನ ಕೆಳಗಿನ ಉದ್ದ ಪಟ್ಟಿಗಳ ಮೇಲೆ ಅಡ್ಡಡ್ಡ ಜೋಡಿಸಿ, ಮಧ್ಯ ಮಧ್ಯ 5 ಮಿಮೀ ಸಂದು. 9 ಪಟ್ಟಿ, 10 ಸಂದು, 38 ಇಂಚು ಸರಿಯಾಗಿ ತುಂಬುತ್ತೆ. ಒಂದೊಂದು ತುದಿಗೆ ಒಂದೇ ಸ್ಕ್ರೂ, ಪಟ್ಟಿಯ ಅಗಲದ ನಡುವೆ.

ಮೇಲಿನ ಹಲಗೆ ಕೂರಿಸೋದು

ಮರ ಎಳೆಯ ಉದ್ದಕ್ಕೆ, ಅಂದ್ರೆ ನಾರು ಹೋದ ದಿಕ್ಕಿಗೆ, ಹೆಚ್ಚುಕಮ್ಮಿ ಬದಲಾಗೋದೇ ಇಲ್ಲ, ಆದ್ರೆ ಅಡ್ಡಕ್ಕೆ ಬದಲಾಗುತ್ತೆ. ಗಾಳೀಲಿ ತೇವ ಜಾಸ್ತಿ ಆದಾಗ ಉಬ್ಬುತ್ತೆ, ಒಣ ಹವೇಲಿ ಕುಗ್ಗುತ್ತೆ, ಪಾಲಿಷ್ ಹಾಕಿದ್ರೂ ಅದು ನಿಧಾನ ಆಗುತ್ತೆ ಅಷ್ಟೇ, ನಿಲ್ಲಲ್ಲ. 24 ಇಂಚು ಅಗಲದ ಹಲಗೆ ಮರದ ಜಾತಿ ಮೇಲೆ, ಹವಾ ಮೇಲೆ ಕಾಲು ಇಂಚಿನವರೆಗೂ ಆಡ್ಬಹುದು. ಕೆಳಗಿರೋ ಅಡ್ಡ ಪಟ್ಟಿಯ ಎಳೆ ಅದೇ ದಿಕ್ಕಿಗೆ ಉದ್ದಕ್ಕಿದೆ, ಹಾಗಾಗಿ ಅದು ಅಲ್ಲಾಡಲ್ಲ. ಒಂದು ಕುಗ್ಗಬೇಕು ಅನ್ನುತ್ತೆ, ಇನ್ನೊಂದು ಬಿಡಲ್ಲ ಅನ್ನುತ್ತೆ, ಇಬ್ಬರ ಜಗಳದಲ್ಲಿ ಸೀಳೋದು ಹಲಗೆ. ನನ್ನ ಮೊದಲನೇದಕ್ಕೆ ನಾನು ಸುತ್ತಲೂ ಗಮ್ ಹಚ್ಚಿ ಮೇಲಿಂದ 12 ಸ್ಕ್ರೂ ಬೇರೆ ಹೊಡೆದಿದ್ದೆ, ಗಟ್ಟಿ ಇರ್ಲಿ ಅಂತ. ಹವೆ ಒಣಗಿದಾಗ ಒಂದು ರಾತ್ರಿ ಟಪ್ ಅಂತ ಶಬ್ದ, ಪಾತ್ರೆ ಬಿತ್ತೇನೋ ಅಂತ ಎದ್ದು ಬಂದು ನೋಡಿದ್ರೆ ಒಂದಡಿ ಉದ್ದಕ್ಕೆ ಸೀಳು, ಅದೂ ಗಮ್ ಹಾಕಿದ ಜಾಗದಲ್ಲಿ ಅಲ್ಲ, ಚೆನ್ನಾಗಿದ್ದ ಹಲಗೆ ನಟ್ಟನಡುವೆ.

ಪರಿಹಾರ ಸುಲಭ ಇದೆ. 1 x 1 ಇಂಚಿನ ರೀಪನ್ನ ಮೇಲಿನ ಪಟ್ಟಿಗಳ ಒಳಮುಖಕ್ಕೆ, ಮೇಲಂಚಿಗೆ ಸಮವಾಗಿ ಗಮ್ ಮತ್ತು ಸ್ಕ್ರೂ ಹಾಕಿ ಕೂರಿಸಿ. ಈ ರೀಪಲ್ಲಿ ಕೆಳಗಿಂದ ಮೇಲಕ್ಕೆ ತೂತು ಕೊರೀಬೇಕು, ಆದ್ರೆ ದುಂಡು ತೂತಲ್ಲ, 5 ಮಿಮೀ ಡ್ರಿಲ್ ಬಿಟ್‌ನಲ್ಲಿ ಪಕ್ಕ ಪಕ್ಕ ಮೂರು ತೂತು ಕೊರೆದು ಒಂದಾಗಿಸಿ ಸುಮಾರು 12 ಮಿಮೀ ಉದ್ದದ ಸೀಳು ತೂತು ಮಾಡಿ. ಆ ಸೀಳು ಯಾವಾಗ್ಲೂ ಐಲ್ಯಾಂಡಿನ ಅಗಲದ ದಿಕ್ಕಿಗೆ ಇರ್ಬೇಕು: ಅಡ್ಡ ಪಟ್ಟಿಯ ರೀಪಲ್ಲಿ ರೀಪಿನ ಉದ್ದಕ್ಕೆ, ಉದ್ದ ಪಟ್ಟಿಯ ರೀಪಲ್ಲಿ ರೀಪಿಗೆ ಅಡ್ಡಕ್ಕೆ. ಎರಡು ಅಡ್ಡ ಪಟ್ಟಿಗಳ ರೀಪಿನ ನಟ್ಟನಡುವೆ ಮಾತ್ರ ಒಂದೊಂದು ದುಂಡು ತೂತು ಇರ್ಲಿ, ಹಲಗೆ ಅಲ್ಲಿ ಹಿಡ್ಕೊಂಡು ಹಿಂದಕ್ಕೂ ಮುಂದಕ್ಕೂ ಸಮವಾಗಿ ಹಿಗ್ಗುತ್ತೆ.

ಹಲಗೆನ ತಲೆಕೆಳಗಾಗಿ ಹಳೇ ಕಂಬಳಿ ಮೇಲೆ ಹಾಕಿ, ಫ್ರೇಮನ್ನೂ ತಲೆಕೆಳಗಾಗಿ ಅದರ ಮೇಲಿಟ್ಟು ನಾಲ್ಕೂ ಕಡೆ ಚಾಚು ಸಮ ಮಾಡಿ. 2 ಇಂಚಿನ ಸ್ಕ್ರೂ ವಾಷರ್ ಜೊತೆ ಹಾಕಿದ್ರೆ ರೀಪಲ್ಲಿ 1 ಇಂಚು ಹೋಗಿ ಹಲಗೆಗೆ 1 ಇಂಚು ಇಳಿಯುತ್ತೆ, ಮೇಲೆ ಅರ್ಧ ಇಂಚು ಉಳಿಯುತ್ತೆ. ಹಲಗೆಗೆ ತೂತು ಕೊರೆಯೋ ಬಿಟ್ಟಿಗೆ ಆಳದ ಗುರುತಾಗಿ ಟೇಪ್ ಸುತ್ತಿ, ಮೇಲ್ಮುಖದಲ್ಲಿ ಬಿಟ್ಟಿನ ತುದಿ ಹೊರಗೆ ಬರೋದನ್ನ ನೋಡೋ ಸಂಕಟ ಬೇಡ. ವಾಷರ್ ಬಿಗಿಯಾಗಿ ಕೂತ್ರೆ ಸಾಕು, ಕಚ್ಚಿಹಿಡಿಯೋ ಹಾಗೆ ತಿರುಗಿಸ್ಬೇಡಿ. ಹಲಗೆಗೂ ಫ್ರೇಮಿಗೂ ಮಧ್ಯ ಒಂದು ಹನಿ ಗಮ್ಮೂ ಬೇಡ.

ಉಜ್ಜೋದು, ಎಣ್ಣೆ ಹಚ್ಚೋದು

ಹಲಗೆ ಕೂರಿಸೋಕೆ ಮುಂಚೆ ಉಜ್ಜಿ ಎಣ್ಣೆ ಹಚ್ಚೋದು ಸಲೀಸು, ನಾನು ಬರೆಯೋ ಓಘದಲ್ಲಿ ಹಿಂದೆ ಮುಂದೆ ಮಾಡ್ದೆ. 80, ಆಮೇಲೆ 120, ಆಮೇಲೆ 180 ನಂಬರ್ ಸ್ಯಾಂಡ್ ಪೇಪರ್, ಯಾವುದನ್ನೂ ಹಾರಿಸ್ಬೇಡಿ, ಕೈಯಲ್ಲಿ ಉಜ್ಜೋದಾದ್ರೆ ಎಳೆ ಹೋದ ದಿಕ್ಕಿಗೇ ಉಜ್ಜಿ. ಮೂಲೆ ಅಂಚುಗಳನ್ನ ದುಂಡಗೆ ಮಾಡಿ. 180 ಆದ್ಮೇಲೆ ಒದ್ದೆ ಬಟ್ಟೇಲಿ ಒಂದು ಸಲ ಒರೆಸಿ ಒಣಗೋಕೆ ಬಿಡಿ, ಮರದ ನಾರು ಗಡ್ಡದ ಥರ ಎದ್ದು ನಿಲ್ಲುತ್ತೆ, 220ರಲ್ಲಿ ಹಗುರವಾಗಿ ಸವರಿ ತೆಗೀರಿ. ಈ ಹಂತ ಬಿಟ್ರೆ ಮೊದಲನೇ ದಿನ ನೀರು ಚೆಲ್ಲಿದಾಗ್ಲೇ ಮೇಲ್ಮೈ ಒರಟಾಗುತ್ತೆ.

ಮೇಲೆ ತರಕಾರಿ ಹೆಚ್ಚೋದು, ಹಿಟ್ಟು ನಾದೋದು ಇದ್ರೆ ಫುಡ್ ಗ್ರೇಡ್ ಮಿನರಲ್ ಆಯಿಲ್ ಸಾಕು, ಅದಕ್ಕೆ ನಾಲ್ಕನೇ ಒಂದು ಭಾಗ ಜೇನುಮೇಣ ಕರಗಿಸಿ ಸೇರಿಸಿದ್ರೆ ಇನ್ನೂ ಚೆನ್ನ. ಅಡುಗೆ ಎಣ್ಣೆ ಹಚ್ಚೋಕೆ ಹೋಗ್ಬೇಡಿ, ದಿನ ಕಳೆದ ಹಾಗೆ ಕಮಟು ವಾಸನೆ ಬರುತ್ತೆ. ಚಾಕು ತಾಗಲ್ಲ ಅನ್ನೋದಾದ್ರೆ ಪಾಲಿಯುರೆಥೇನ್ (ಮೇಲೆ ಗಟ್ಟಿ ಪದರ ಕಟ್ಟೋ ಪಾಲಿಷ್) ಹಾಕ್ಬಹುದು, ಆದ್ರೆ ಅದು ಒಂದು ಸಲ ಗೀರಿದ್ರೆ ಪೂರ್ತಿ ಕೆರೆದು ಮತ್ತೆ ಹಾಕ್ಬೇಕು, ಎಣ್ಣೆ ಆದ್ರೆ ಗೀರಿದ ಕಡೆ ಉಜ್ಜಿ ಒಂದು ಕೋಟ್ ಸವರಿದ್ರೆ ಮುಗೀತು, ನಾನು ಎಣ್ಣೆ ಪಾರ್ಟಿ. ಅಗಸೆ ಎಣ್ಣೆ, ಟಂಗ್ ಎಣ್ಣೆ ಥರದ ಒಣಗೋ ಎಣ್ಣೆ ಬಳಸಿದ್ರೆ ಒರೆಸಿದ ಬಟ್ಟೆನ ಮುದ್ದೆ ಮಾಡಿ ಎಸೀಬೇಡಿ, ಒಣಗ್ತಾ ಒಣಗ್ತಾ ಬಿಸಿ ಆಗಿ ತಾನಾಗೇ ಬೆಂಕಿ ಹತ್ತಿಕೊಳ್ಳುತ್ತೆ, ಹರವಿ ಹೊರಗೆ ಒಣಗಿಸಿ ಇಲ್ಲ ನೀರಲ್ಲಿ ನೆನೆಸಿಡಿ. ಹಲಗೆಯ ಕೆಳಮುಖಕ್ಕೂ ಮೇಲಿನಷ್ಟೇ ಕೋಟ್ ಹಾಕಿ, ಒಂದೇ ಕಡೆ ಹಾಕಿದ್ರೆ ಎರಡೂ ಮುಖ ತೇವ ಕುಡಿಯೋದು ಬೇರೆ ಬೇರೆ ಆಗಿ ಹಲಗೆ ಬಾಗುತ್ತೆ. ಎರಡು ತುದಿಯ ಅಡ್ಡಕೊಯ್ಲಿನ ಮುಖ ಎಣ್ಣೆನ ಗಟಗಟ ಕುಡಿಯುತ್ತೆ, ಅಲ್ಲಿ ಮೂರು ನಾಲ್ಕು ಸಲ ಜಾಸ್ತಿ.

ಚಕ್ರ ಹಾಕೋರು ಒಂದು ಲೆಕ್ಕ ನೋಡ್ಕೊಳಿ. ಐಲ್ಯಾಂಡ್ ಸುಮಾರು 45 ಕೆಜಿ, ಪಾತ್ರೆ ಪಗಡೆ ಸೇರಿ 90 ಅಂತಿಟ್ಕೊಳಿ, ನೆಲ ಏರುತಗ್ಗು ಇರೋ ಕಡೆ ಭಾರ ಮೂರೇ ಚಕ್ರದ ಮೇಲೆ ಬೀಳುತ್ತೆ, ಅದಕ್ಕೆ ನಾಲ್ಕರಿಂದ ಅಲ್ಲ ಮೂರರಿಂದ ಭಾಗಿಸಿ, ಒಂದಕ್ಕೆ 30 ಕೆಜಿ ಬರುತ್ತೆ, 50 ಕೆಜಿ ತಡೆಯೋದು ತಗೊಂಡ್ರೆ ನಿಶ್ಚಿಂತೆ. ಬ್ರೇಕ್ ಹಾಕಿದಾಗ ಚಕ್ರ ಉರುಳೋದೂ ನಿಲ್ಬೇಕು, ಸುತ್ತ ತಿರುಗೋದೂ ನಿಲ್ಬೇಕು, ಇಲ್ಲಾಂದ್ರೆ ಹಿಟ್ಟು ನಾದೋವಾಗ ಇಡೀ ಐಲ್ಯಾಂಡ್ ನಿಮ್ಮ ಜೊತೆ ಡಾನ್ಸ್ ಮಾಡುತ್ತೆ.

ಮೊದಲ ವಾರ ದಿನಕ್ಕೊಂದು ಸಲ ಎಣ್ಣೆ, ಆಮೇಲೆ ಒಂದು ತಿಂಗಳು ವಾರಕ್ಕೊಂದು ಸಲ, ಆಮೇಲೆ ತಿಂಗಳಿಗೊಂದು ಸಲ. ದಿನ ಲೆಕ್ಕ ಇಡೋಕೆ ಆಗದಿದ್ರೆ ಒಂದು ಹನಿ ನೀರು ಹಾಕಿ ನೋಡಿ: ಮುತ್ತಿನ ಥರ ನಿಂತ್ರೆ ಇನ್ನೂ ಬೇಡ, ಹರಡ್ಕೊಂಡು ಮರ ಕಪ್ಪಾದ್ರೆ ಎಣ್ಣೆ ಬಾಟಲಿ ತೆಗೀರಿ.